ಗುಂಡು ಮೊಲ ಕಾಡಿಗೆ ಹೊರಟ ದಿನ

"ಗದ್ದ ಇಲ್ಲಿಡಿ. ಅಲ್ಲಾಡಬೇಡಿ."

ಕನ್ನಡಕದಂಗಡಿಯ ಒಳಕೋಣೆಯಲ್ಲಿ, ಕಣ್ಣು ಪರೀಕ್ಷಿಸುವ ಯಂತ್ರದ ಈಚೆ ಕುಳಿತಿದ್ದ ಅವಳು ಆಚೆ ಕುಳಿತವನನ್ನು ನೋಡಿ ಬೆಚ್ಚಿದಳು. ಅಬ್ಬಾ, ಕಣ್ಣುಗಳು ಕೆಂಡದ ಹಾಗೆ ಕೆಂಪಾಗಿದ್ದವು!

"ನೀವು ನಿದ್ದೆ ಬಿಟ್ಟು ಎಷ್ಟು ದಿನ ಆಯ್ತು?"

"ನಿದ್ದೆ ಮಾಡ್ತೀನಿ ಮೇಡಂ... ಮಿಕ್ಕ ಹೊತ್ತೆಲ್ಲ ಫೋನ್ ನೋಡ್ತೀನಿ. ಸ್ವಲ್ಪ ಬೇಗ ಮುಗಿಸ್ತೀರಾ? ಎರಡು ಗಂಟೆ ಹೊಡೆಯೋದ್ರೊಳಗೆ ಒಂದು ಕೆಲಸ ಇದೆ."

"ಏನು ನೋಡ್ತೀರಿ ಅಷ್ಟೊಂದು?"

ಅವನು ನಾಚಿಕೊಂಡ. ಅಂಗಿಯ ಮೇಲೆ ಲಿಫ್ಟ್ ರಿಪೇರಿಯವರ ಬಿಲ್ಲೆ, ಬೆರಳುಗಳಲ್ಲಿ ಗ್ರೀಸಿನ ಕಲೆ.

"ನಗಬೇಡಿ... ಗುಳ್ಳೆ ಒಡೆಯೋ ಆಟ. ಪ್ರಾಣಿ ಸಾಕೋ ವೆಬ್‌ಸೈಟ್ ಒಂದಿದೆ, ಆಟ ಗೆದ್ರೆ ಕ್ಯಾರೆಟ್ ಸಿಗತ್ತೆ. ಅಲ್ಲಿ ನನ್ನ ಪಕ್ಕದ ಗೂಡಿನವರು ಮೂರು ವಾರದಿಂದ ನಾಪತ್ತೆ. ಅವರ ಮೊಲಕ್ಕೆ ನಾನೇ ತಿನ್ನಿಸ್ತಿದೀನಿ."

"ಮೊಲದ... ಹೆಸರು?"

"ಗುಂಡು."

ಅವಳ ಕೈಯ ಲೆನ್ಸ್ ಟಣ್ಣೆಂದು ಮೇಜಿಗೆ ಬಿತ್ತು.

ಅಯ್ಯೋ... ಇವನೇ! ಆಮೆರಾಯ!

ಎರಡು ವರ್ಷದ ಹಿಂದೆ, ಊಟದ ಬಿಡುವಿನಲ್ಲಿ ಅವಳು ಆ ಸೈಟಿನಲ್ಲಿ ಮೊಲ ಸಾಕತೊಡಗಿದಾಗ, ಪಕ್ಕದ ಗೂಡಿನಲ್ಲಿ ಆಮೆ ಸಾಕಿದ್ದ ಆಮೆರಾಯ ಎಂಬ ಹೆಸರಿನವನು ಬರೆದಿದ್ದ: "ಚಕ್ರ ತಿರುಗಿಸೋ ಆಟ ಶುದ್ಧ ದಂಡ. ಗುಳ್ಳೆ ಆಟ ಆಡಿ, ಮೂರೇ ನಿಮಿಷಕ್ಕೆ ಮೊಲದ ಹೊಟ್ಟೆ ತುಂಬತ್ತೆ." ಯಾವ ಆಟ ಆಡಬೇಕು, ಯಾವುದು ಬೇಡ ಎಂದು ಶುರುವಾದ ಮಾತು ಬರಬರುತ್ತ ಮನಸ್ಸಿನ ಮಾತಾಯಿತು. ಹೆಸರು, ಕೆಲಸ, ಫೋಟೊ ಎಲ್ಲ ಎದುರು ಸಿಕ್ಕಾಗಲೇ ಎಂದು ಇಬ್ಬರದೂ ಹಟ. ಕೊನೆಗೆ ಒಂದೇ ಊರಿನವರೆಂದು ಗೊತ್ತಾದ ದಿನ ಅವನು ಬರೆದ: "ಶನಿವಾರ ಐದಕ್ಕೆ, ಪಾರ್ಕಿನ ಕಾರಂಜಿ ಪಕ್ಕದ ಬೆಂಚು."

ಅವಳು ಆರೂವರೆಯವರೆಗೆ ಕಾದಳು. ಯಾರೂ ಬರಲಿಲ್ಲ.

ಬಂದಿರುತ್ತಾನೆ, ದೂರದಿಂದಲೇ ನೋಡಿ ಹೋಗಿರುತ್ತಾನೆ... ಆರಡಿ ಉದ್ದದ ಹುಡುಗಿ ಯಾರಿಗೆ ಬೇಕು? ಮನೆಯಲ್ಲೇ ಅವಳನ್ನು ಕರೆಯುವುದು ಏಣಿ ಎಂದು. ಹಿಂದೊಬ್ಬ, "ನಿನ್ನ ಪಕ್ಕ ನಿಂತ್ರೆ ನಿನ್ನ ತಮ್ಮನ ಥರ ಕಾಣ್ತೀನಿ" ಎಂದು ನಕ್ಕು ಹೋಗಿದ್ದ. ಆ ಶನಿವಾರದಿಂದ ಅವಳು ಸೈಟಿನ ಕಡೆ ತಲೆ ಹಾಕಿರಲಿಲ್ಲ.

"ಹೊಟ್ಟೆ ನಾನು ತುಂಬಿಸಬಹುದು ಮೇಡಂ," ಅವನ ದನಿ ಕುಗ್ಗಿತು. "ಆದ್ರೆ ಇಪ್ಪತ್ತೊಂದು ದಿನದೊಳಗೆ ಒಡೆಯರೇ ಬಂದು ಒಂದು ಆಟ ಗೆಲ್ಲಬೇಕು. ಇಲ್ಲಾಂದ್ರೆ ಮೊಲ ಕಾಡಿಗೆ ಹೋಗಿಬಿಡತ್ತೆ. ನಮ್ಮಿಬ್ಬರ ಮಾತೆಲ್ಲ ಆ ಗೂಡಲ್ಲೇ ಇದೆ, ಅದೂ ಅಳಿಸಿಹೋಗತ್ತೆ. ಇವತ್ತು ನಮ್ಮ ಎರಡು ಗಂಟೆಗೆ ಕೊನೆ."

ಗೋಡೆ ಗಡಿಯಾರದಲ್ಲಿ ಒಂದೂ ಐವತ್ತು!

ಕಂಪ್ಯೂಟರ್ ಇದ್ದದ್ದು ಹೊರಗೆ, ಕೌಂಟರಿನಲ್ಲಿ; ಅವಳ ಫೋನೂ ಅಲ್ಲೇ. ಹೋಗಬೇಕಾದರೆ ಏಳಬೇಕು. ಎದ್ದರೆ ಎತ್ತರ ನೋಡಿಯೇ ಅವನಿಗೆ ಗೊತ್ತಾಗುತ್ತದೆ... ಏಳದಿದ್ದರೆ ಗುಂಡು ಹೋಗುತ್ತಾನೆ.

"ಅವರು ಯಾಕೆ ಬರ್ತಿಲ್ವಂತೆ?"

"ನನ್ನ ದೂರದಿಂದ್ಲೇ ನೋಡಿ ಇಷ್ಟ ಆಗಲಿಲ್ವೇನೋ. ಬೆಂಚಲ್ಲಿ ಎರಡು ಗಂಟೆ ಹೊತ್ತು ಕಾದೆ, ಅವರು ಬರಲೇ ಇಲ್ಲ."

"ಸುಳ್ಳು!"

ಅವಳು ಧಿಗ್ಗನೆ ಎದ್ದಳು. ತಲೆ ಮೇಲಿನ ದೀಪಕ್ಕೆ ಬಡಿದು ಕೋಣೆಯ ನೆರಳೆಲ್ಲ ತೂಗಾಡಿತು.

"ಐದರಿಂದ ಆರೂವರೆವರೆಗೆ ಅಲ್ಲೇ ಕೂತಿದ್ದೆ ನಾನು! ಒಂದು ನರಪಿಳ್ಳೆ ಸುಳೀಲಿಲ್ಲ!"

ಅವನು ಕತ್ತೆತ್ತಿ ನೋಡಿದ. ಇನ್ನಷ್ಟು ಎತ್ತಿದ.

"ನೀವು... ಗುಂಡು ಅಮ್ಮಾನಾ? ಅಯ್ಯೋ, ನಾನು ಹೇಳಿದ್ದು ಸೈಟಿನ ಐದು! ನಮ್ಮ ಏಳು ಗಂಟೆ!"

ಆ ಸೈಟಿನ ಗಡಿಯಾರ ಎರಡು ಗಂಟೆ ಹಿಂದೆ. ಎರಡು ವರ್ಷ ಅವರು ಆಟಕ್ಕೆ ಸೇರಿದ್ದೂ, ಮೊಲಕ್ಕೆ ಉಣಿಸಿದ್ದೂ ಆ ಗಡಿಯಾರದಲ್ಲೇ. ಅದೊಂದು ದಿನ ಮಾತ್ರ ಅವಳು ಗೋಡೆ ಗಡಿಯಾರ ನೋಡಿಕೊಂಡು ಹೊರಟಿದ್ದಳು!

"ಆಟ!" ಇಬ್ಬರೂ ಒಟ್ಟಿಗೆ ಕೂಗಿ ಹೊರಗೆ ಓಡಿದರು.

"ಏನೇ ಏಣಿ, ಅಂಗಡಿಗೆ ಬೆಂಕಿ ಬಿತ್ತಾ?" ಕೌಂಟರಿನಲ್ಲಿದ್ದ ದೊಡ್ಡಪ್ಪ ಗಾಬರಿಯಾದರು.

"ದೊಡ್ಡಪ್ಪಾ, ಮೊದಲು ಕುರ್ಚಿ ಬಿಡಿ!"

ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೆಯ ಸಲ ಗೂಡು ತೆರೆಯಿತು. ಓದದ ಸಂದೇಶಗಳು ಅರವತ್ತಮೂರು. ಗುಂಡು ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

ಇನ್ನು ನಾಲ್ಕೇ ನಿಮಿಷ. ಗುಳ್ಳೆಗಳು ಇಳಿಯತೊಡಗಿದವು.

"ಹಸಿರು... ಎಡಕ್ಕೆ... ನಿಧಾನ," ಹಿಂದಿನಿಂದ ಅವನು ಪಿಸುಗುಟ್ಟಿದ. "ಇನ್ನೊಂದೇ ಒಂದು..."

ಟಪ್!

ಗುಂಡು ಗಂಟು ಕೆಳಗಿಟ್ಟು ಒಳಗೆ ಬಂದ. ಅವಳು ಮೇಜಿಗೆ ತಲೆಯಾನಿಸಿ ಅತ್ತೇಬಿಟ್ಟಳು. ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

"ನೋಡಿದ್ರಲ್ಲ, ನಾನೆಷ್ಟು ಎತ್ತರ ಅಂತ... ಹೋಗೋದಾದ್ರೆ ಈಗಲೇ ಹೋಗಿ."

"ದಿನಾ ಇಪ್ಪತ್ತು ಅಂತಸ್ತು ಹತ್ತಿಳಿಯೋನು ನಾನು, ಎತ್ತರಕ್ಕೆ ಹೆದರ್ತೀನಾ?" ಎಂದ ಅವನು. "ನೀವು ಮತ್ತೆ ಬರಲ್ವೇನೋ ಅಂತ ಹೆದರಿದ್ದೆ. ಮೊಲಕ್ಕಲ್ಲ ಕಣ್ರೀ, ನಿಮಗೋಸ್ಕರ ಆಡಿದ್ದು. ನಿಮ್ಮನ್ನ ಪ್ರೀತಿಸ್ತೀನಿ."

ಅವಳು ತಿರುಗಿದಳು. ಆ ಕೆಂಪು ಕಣ್ಣುಗಳಲ್ಲಿ ನೀರಿತ್ತು.

"ಮೊದಲು ಕಣ್ಣಿಗೆ ಔಷಧಿ ಹಾಕ್ಕೊಳ್ಳಿ," ಎಂದಳು ಮೂಗೆಳೆಯುತ್ತ. "ಆಮೇಲೆ... ಶನಿವಾರ ಐದಕ್ಕೆ ಅದೇ ಬೆಂಚಿಗೆ ಬನ್ನಿ."

"ಯಾವ ಐದು?"

"ನೀವು ಯಾವ ಐದಕ್ಕೆ ಬಂದ್ರೂ ಸರಿ... ಈ ಸಲ ನಾನು ಎದ್ದು ಹೋಗಲ್ಲ."