ಎರಡು ಸೀಟಿನ ವಿಮಾನ

ಯುದ್ಧ ಮುಗಿದು ಶ್ರೀಶೈಲ ದೇಸಾಯಿ ಬರ್ಮಾದಿಂದ ಕೊಣ್ಣೂರಿಗೆ ಜೀವಂತ ಮರಳಿದ. ಅವನು ಹಾರಿಸುತ್ತಿದ್ದ ವಿಮಾನದಲ್ಲಿ ಹಿಂದೆ ಕುಳಿತಿದ್ದ ಶಿದ್ರಾಮ ಮರಳಲಿಲ್ಲ. ಶಿದ್ರಾಮನ ಅಣ್ಣ ಮಾಲಿಂಗನಿಗೆ ಹಗೆ ಸಾಧಿಸಲು ಅಷ್ಟೇ ಸಾಕಿತ್ತು. ಅವನೂ ಆರು ವರ್ಷ ಅದೇ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವನು.

ತಾಯಿ ರಾಮವ್ವ ಮಾತ್ರ ಬೇರೆ ಹೇಳುತ್ತಿದ್ದಳು. "ದೇಸಾಯರು ಬೇಕಂತ ವಿಮಾನ ಕೆಡವಿದ್ರೇನ? ಅವರೂ ಒಬ್ಬಾಕಿ ತಾಯಿ ಮಗಾನ ಅಲ್ಲೇನ?"

ಮಾಲಿಂಗ ಮುಖ ತಿರುಗಿಸಿ ಏಳುತ್ತಿದ್ದ.

ವಾಯುಪಡೆ ಮಾರಿದ ಎರಡು ಸೀಟಿನ ಹಳೆಯ ವಿಮಾನವೊಂದನ್ನು ದೇಸಾಯಿ ಊರಿಗೆ ತಂದ. ರಿಪೇರಿಗೆ ಮಾಲಿಂಗನನ್ನೇ ಕರೆದ. ಅವನ ಕಣ್ಣು ನೋಡಲಾರದೆ, "ನಿನ್ನ ಕೈ ಮ್ಯಾಲ ನಂಗ ನಂಬಿಕಿ ಐತಿ" ಎಂದ. ಮಾಲಿಂಗನಿಗೆ ಉಪಾಯ ಹೊಳೆದದ್ದು ಆ ಮಾತಿನಿಂದಲೇ.

ವಿಮಾನದ ಬಾಲವನ್ನು ಆಡಿಸುವ ಉಕ್ಕಿನ ತಂತಿ ನೆಲದ ಹಲಗೆಯ ಕೆಳಗೆ ರಾಟೆಯ ಮೇಲೆ ಬಾಗುತ್ತಿತ್ತು. ಅಲ್ಲಿ ಮಾಲಿಂಗ ಎಳೆಗಳನ್ನು ಒಂದೊಂದಾಗಿ ಅರದಿಂದ ಉಜ್ಜಿದ. ಕತ್ತರಿಸಿದಂತೆ ಕಾಣಬಾರದು, ಸವೆದಂತೆ ಕಾಣಬೇಕು. ಮೇಲೇರುವಾಗ ತಂತಿ ತಾಳುತ್ತದೆ. ಮೂಡಲಗಿ ಕಡೆ ಹೋಗಿ ತಿರುಗಿ, ಇಳಿಯಲು ಮೂತಿ ತಗ್ಗಿಸಿ ಮತ್ತೆ ಎತ್ತುವಾಗ ಹರಿಯುತ್ತದೆ. ಯುದ್ಧದ ಹಳೆ ಸಾಮಾನು, ಯಾರು ಕೇಳುತ್ತಾರೆ? ಪರೀಕ್ಷೆಯ ಹಾರಾಟಕ್ಕೆ ಪೈಲಟ್ ಒಬ್ಬನೇ ಹತ್ತುವುದು ಅವನು ಕಂಡ ರೂಢಿ. ಇನ್ನೊಬ್ಬರ ಜೀವಕ್ಕೆ ಅಪಾಯವಿಲ್ಲ ಎಂದು ಅವನಿಗೆ ಸಮಾಧಾನವೂ ಇತ್ತು.

ಹಾರಾಟದ ದಿನ ಬೆಳಿಗ್ಗೆ ಬೇಕೆಂದೇ ಗೋಕಾಕಕ್ಕೆ ಹೋಗಿ, ನಾಲ್ಕು ಜನ ಕಾಣುವಂತೆ ಚಹಾದಂಗಡಿಯಲ್ಲಿ ಕುಳಿತ. ತಲೆಯ ಮೇಲೆ ಸದ್ದು ಬಂತು, ದೂರ ಹೋಯಿತು. ಬಹಳ ಹೊತ್ತಿನ ಮೇಲೆ ಮರಳಿ ಬಂದು ಕೊಣ್ಣೂರಿನ ಕಡೆ ಇಳಿಯಿತು. ಒಮ್ಮೆಲೇ ನಿಂತಿತು. ಅಂಗಡಿಯವರೆಲ್ಲ ಹೊರಗೆ ಓಡಿದರು. ಮಾಲಿಂಗ ತಮ್ಮನ ಮುಖ ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಚಹಾ ಮುಗಿಸಿ ಎದ್ದ.

ಕೊಣ್ಣೂರಿನ ಜೋಳದ ಹೊಲದಲ್ಲಿ ಇನ್ನೂ ಹೊಗೆ ಏಳುತ್ತಿತ್ತು. ಮಾಲಿಂಗ ದಾರಿಯಲ್ಲೇ ಅಳುವ ಮುಖ ಸಿದ್ಧ ಮಾಡಿಕೊಂಡಿದ್ದ. ಶ್ರೀಶೈಲನ ತಾಯಿ ಶಿವಗಂಗವ್ವ ತಡವರಿಸುತ್ತ ಬಂದು ಅವನ ಎರಡೂ ಕೈ ಹಿಡಿದಳು. "ತಪ್ಪ್ ನಂದ, ಮಾಲಿಂಗಾ. ಹೊಸಾ ಗಾಡಿ ಮೊದಲನೇ ಸಲಾ ಖಾಲಿ ಕಳಸಬಾರದು, ಹಿರೇ ಹೆಣ್ಮಗಳೊಬ್ಬಾಕಿ ಕೂಡಬೇಕಂತ ನಾನ ಹಠಾ ಹಿಡದೆ." ಹುಟ್ಟಿದಾಗಿನಿಂದ ಕಂಡ ಈ ಪದ್ಧತಿಯನ್ನು ಬ್ಯಾರಕ್ಕಿನ ಆರು ವರ್ಷಗಳಲ್ಲಿ ಮಾಲಿಂಗ ಮರೆತೇಬಿಟ್ಟಿದ್ದ. "ನನ್ನ ಕಾಲು ನಡಗಿದ್ವು," ಎಂದಳು ಶಿವಗಂಗವ್ವ. "ನಿಮ್ಮವ್ವ ಮುಂದ ಬಂದ್ಲು. ನನ್ನ ಶಿದ್ರಾಮ ನೋಡಿದ್ದನ್ನ ನಾನೂ ಒಮ್ಮಿ ನೋಡ್ತೇನಿ ಅಂತ, ನಕ್ಕೋಂತ ಹತ್ತಿದ್ಲು."