ಕುಂಕುಮದ ಕೆಳಗಿನ ಮೊಸಳೆ

“ಬರ್ರಿ, ಬರ್ರಿ. ಚಪ್ಪಲ್ ಅಲ್ಲೇ ಬಿಡ್ರಿ. ಒಳಗ ಕಂಪ್ಯೂಟರ್ ಐತಿ,” ಎಂದ ದ್ಯಾಮಪ್ಪ, ದೇವರ ಕೋಣೆಗೆ ಕರೆಯುವವನಂತೆ.

ಬಸಲಿಂಗಯ್ಯ ಚಪ್ಪಲಿ ಬಿಟ್ಟರು. ಅವರು ಕಾಗದದ ಕಾರ್ಖಾನೆಯಲ್ಲಿ ದ್ಯಾಮಪ್ಪನ ಫೋರ್‌ಮನ್. ಮಾತಿಗೆ ಮುಂಚೆ ‘ಹ್ರೂಂ... ಹ್ರೂಂ...’ ಎನ್ನುತ್ತಾರೆ. ಚಳಿಗಾಲದ ಬೆಳಿಗ್ಗೆ ಅವರ ಸ್ಕೂಟರೂ ಹಾಗೇ ಅನ್ನುತ್ತದೆ.

ಬೇರೆ ದಿನವಾಗಿದ್ದರೆ ದ್ಯಾಮಪ್ಪನ ಮಗಳು ಮಧುಮತಿ ಬಾಗಿಲ ಹಿಂದೆ ನಿಂತು ತಾನೂ ‘ಹ್ರೂಂ’ ಎಂದು ಅವ್ವನನ್ನು ನಗಿಸುತ್ತಿದ್ದಳು. ಇವತ್ತು ಅವಳು ಅಲ್ಲಿಂದ ಕಂಪ್ಯೂಟರನ್ನೇ ನೋಡುತ್ತಿದ್ದಳು. ಅದರೊಳಗೊಂದು ಮೊಸಳೆ ಇತ್ತು. ಬಿಟ್ಟವಳು ಅವಳೇ.

ಅದು ಎರಡು ಸಾವಿರದ ಎರಡನೇ ಇಸವಿ. ದಾಂಡೇಲಿಯ ಅವರ ಲೈನಿನ ಮನೆಗಳಿಗೆಲ್ಲ ಅದೊಂದೇ ಕಂಪ್ಯೂಟರ್. ದಸರೆಯ ಖಂಡೇಪೂಜೆಯ ದಿನ ಅವ್ವ ಕೆಂಚವ್ವ ಹೊಲಿಗೆ ಮಷಿನ್ನಿಗೂ ಸೈಕಲ್ಲಿಗೂ ಹಚ್ಚಿದಂತೆ ಅದರ ಗಾಜಿನ ನಾಲ್ಕು ಮೂಲೆಗೂ ಕುಂಕುಮ ಹಚ್ಚಿದ್ದಳು. ಪೂಜೆಯ ಕುಂಕುಮ ಯಾರೂ ಒರೆಸಬಾರದು ಎಂದು ಅಪ್ಪನ ಆರ್ಡರ್.

ಇನ್ನೊಂದು ಆರ್ಡರ್: ಅಪ್ಪ ಇಲ್ಲದಾಗ ಕಂಪ್ಯೂಟರ್ ಮುಟ್ಟಬಾರದು. ಡ್ಯೂಟಿಗೆ ಹೋಗುವಾಗ ಅವನು ಮೌಸ್ ಕಳಚಿ, ಟ್ರಂಕಿನಲ್ಲಿಟ್ಟು, ಕೀಲಿಯನ್ನು ಅವ್ವನ ಕೈಗೆ ಕೊಡುತ್ತಿದ್ದ. ಅವ್ವನ ಕೈಗೆ ಕೊಟ್ಟರೆ ಅರ್ಧ ಮಧುಮತಿಯ ಕೈಗೇ ಕೊಟ್ಟಂತೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

“ಅಪ್ಪಾ, ನಿನಗ ಇದೆಲ್ಲಾ ಹೆಂಗ ಬರ್ತೈತಿ?” ಎಂದು ಕೇಳಿದರೆ, “ತಲಿ ಬೇಕವ್ವಾ, ತಲಿ!” ಎಂದು ಹಣೆ ತಟ್ಟಿಕೊಳ್ಳುತ್ತಿದ್ದ.

ನಿನ್ನೆ ಅಂಬಿಕಾನಗರದ ಗೆಳತಿ ರೀನಾ ಶಾಲೆಗೆ ಒಂದು ಸೀಡಿ ತಂದಿದ್ದಳು. “ಇದ್ರಾಗ ಐಕಾನ್ ಚೇಂಜ್ ಮಾಡೋ ಸಾಫ್ಟ್‌ವೇರ್ ಐತಿ. ಪರದೆ ಮ್ಯಾಲೆ ಸಣ್ಣ ಸಣ್ಣ ಚಿತ್ರ ಇರ್ತಾವಲ್ಲಾ, ಅವನ್ನ ತಗದು ಹಡಗು, ಹುಲಿ, ಕೇಕ್ ಹಾಕಬಹುದು. ಅವು ಬ್ಯಾಡಂದ್ರ ನಮ್ಮ ಚಿತ್ರ ನಾವ ಬರೀಬಹುದು!”

ಇವತ್ತು ಅಪ್ಪ ಡ್ಯೂಟಿಯಲ್ಲಿದ್ದಾಗ ಅವ್ವನಿಂದ ಕೀಲಿ ಇಸಿದುಕೊಂಡು ಮಧುಮತಿ ತಾನೇ ಬರೆದಳು. ಪರದೆಯ ತುಂಬ ಚೌಕಗಳು. ಒಂದೊಂದಕ್ಕೂ ಒಂದೊಂದು ಬಣ್ಣ ತುಂಬಿದರೆ ಚಿತ್ರ. ಅಪ್ಪ ಟೈಪ್ ಮಾಡಿದ್ದನ್ನೆಲ್ಲ ಇಡುವ ಹಳದಿ ಫೋಲ್ಡರ್ ಹೋಗಿ ಅಪ್ಪನ ಬುತ್ತಿ ಡಬ್ಬಿ ಬಂತು. ಬೇಡದ ಫೈಲು ಎಸೆಯುವ ಕಸದ ಬುಟ್ಟಿ ಹೋಗಿ ಕಾಳಿ ಹೊಳೆಯ ಮೊಸಳೆ ಬಂತು, ಬಾಯಿ ತೆರೆದದ್ದು. ಕೊಟ್ಟಿದ್ದೆಲ್ಲ ನುಂಗಲು ಅದಕ್ಕಿಂತ ದೊಡ್ಡ ಬಾಯಿ ದಾಂಡೇಲಿಯಲ್ಲಿ ಇನ್ನಾರಿಗಿದೆ? ಕೆಳಗಿನ ಇಂಗ್ಲಿಷ್ ಹೆಸರುಗಳು ಚಂದ ಕಾಣಲಿಲ್ಲ. ಒಂದು ಟಿಕ್ ಹಾಕಿದಳು, ಅವೂ ಮಾಯ. ಆಮೇಲೆ ಡಬ್ಬಿಯನ್ನು ಬಲಗಡೆ ಕೆಳಗೆಳೆದು, ಎಡಗಡೆ ಮೇಲೆ ಅದಿದ್ದ ಜಾಗದಲ್ಲಿ ಮೊಸಳೆಯನ್ನು ಕೂರಿಸಿದಳು.

ಅವ್ವನಿಗೆ ತೋರಿಸಿ, ಎಲ್ಲ ಮೊದಲಿನಂತೆ ಮಾಡಬೇಕು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗುಲಲ್ಲೇ ಕರೆಂಟ್ ಹುಟ್ಟುವ ಸೂಪಾ ಅಣೆಕಟ್ಟೆ ಇದ್ದರೂ ಕರೆಂಟ್ ತನ್ನ ಟೈಮಿಗೆ ಹೋಗಿಯೇ ಹೋಗುತ್ತದೆ. ಮೌಸನ್ನು ಟ್ರಂಕಿಗೆ ಸೇರಿಸಿದಳು; ಕರೆಂಟ್ ಬರುವ ಮೊದಲೇ ಅಪ್ಪ ಬಂದ.

ಈಗ ಕರೆಂಟ್ ಬಂತು, ಬಸಲಿಂಗಯ್ಯನವರೂ ಬಂದರು. ಅವರ ಹೊಸ ಮನೆಯ ವಾಸ್ತುಶಾಂತಿಯ ಆಮಂತ್ರಣವನ್ನು ಅಪ್ಪ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಟೈಪ್ ಮಾಡಿಟ್ಟಿದ್ದ. ಅದನ್ನು ಫ್ಲಾಪಿಗೆ ಹಾಕಿ ಕೊಟ್ಟರೆ ಹಳಿಯಾಳದ ಪ್ರೆಸ್ಸಿನಲ್ಲಿ ಛಾಪಿಸುವುದು. “ನಮ್ಮನ್ಯಾಗ ಕಂಪ್ಯೂಟರ್ ಇರೂಮುಂದ ಚಿಂತಿ ಯಾಕ್ರಿ?” ಎಂದು ಇಡೀ ಶಿಫ್ಟಿನ ಮುಂದೆ ಎದೆಯುಬ್ಬಿಸಿ ಹೇಳಿದ್ದ. ಇವತ್ತು ಕೊಡದಿದ್ದರೆ ನಾಳೆ ಅದೇ ಶಿಫ್ಟ್ ಹೊಟ್ಟೆ ಹಿಡಿದು ನಗುತ್ತದೆ.

ಕಂಪ್ಯೂಟರ್ ಗುಂಯ್ ಎಂದಿತು, ಕಟಕಟ ಹಲ್ಲು ಕಡಿಯಿತು, ಟಡಾಂ ಎಂದು ಎದ್ದಿತು.

ಬಸಲಿಂಗಯ್ಯ ಕನ್ನಡಕ ಏರಿಸಿದರು. “ಹ್ರೂಂ... ಇದೇನಪಾ ದ್ಯಾಮಪ್ಪಾ, ಹಲ್ಲಿ?”

ಅಪ್ಪನ ಕಣ್ಣು ಒಂದು ಗಳಿಗೆ ಅಲ್ಲೇ ನಿಂತಿತು. “ಹೊ... ಹೊಸಾ ಮಾಡೆಲ್‌ರಿ.”

“ಹೌದೌದು! ನಮ್ಮ ಅಳಿಯನ ಆಫೀಸಿನಾಗೂ ಇದ ಐತಿ. ವೈರಸ್ ತಿಂತೈತಿ ಅದು.”

“ಹೂಂ ಮತ್ತ. ಅದಕ್ಕ ಹಾಕ್ಸೇನ್ರಿ.”

ಮೊಸಳೆಯನ್ನು ಹಲ್ಲಿ ಮಾಡಿ, ಹಲ್ಲಿಗೆ ವೈರಸ್ ತಿನ್ನಿಸಿ, ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಮಧುಮತಿಗೆ ಕಿಸಕ್ಕನೆ ನಗು ಬಂತು. ಚಹಾ ತಂದ ಅವ್ವ ಕಣ್ಣಲ್ಲೇ ಗದರಿಸಿದಳು.

ಅಪ್ಪ ಮೊಸಳೆಯನ್ನೇ ಒತ್ತಿದ. ಬಿಳಿ ಪೆಟ್ಟಿಗೆಯೊಂದು ತೆರೆದುಕೊಂಡಿತು.

“ಖಾಲಿ ಐತೆಲ್ಲೋ!”

“ಲೋಡ್ ಆಗಾಕ್ಹತ್ತೈತ್ರಿ.”

“ಆಗ್ಲಿ, ಆಗ್ಲಿ. ಅವಸರ ಮಾಡಿದ್ರ ಬಿಸಿ ಆಕ್ಕೈತಿ.”

ಇಬ್ಬರೂ ಕಾದರು. ಖಾಲಿ ಪಾತ್ರೆಯಲ್ಲಿ ಹಾಲು ಉಕ್ಕಲಿ ಎಂದು ಕಾದ ಹಾಗಿತ್ತು.

ಅಪ್ಪ ಪೆಟ್ಟಿಗೆ ಮುಚ್ಚಿದ. ಬೆರಳನ್ನು ಗಾಜಿನ ಮೇಲಿನ ಎಡಮೂಲೆಗೆ ತಂದು ಕುಂಕುಮದ ಬೊಟ್ಟು ಮುಟ್ಟಿದ. ಅಲ್ಲಿಂದ ನೆಟ್ಟಗೆ ಕೆಳಗಿಳಿಸಿದ. ತುಟಿ ಅಲುಗಿತು. “ಬೊಟ್ಟಿನ ಕೆಳಗ... ಎರಡು ಸಲ ಟಕ್ ಟಕ್... ಆಮ್ಯಾಲ...” ಮತ್ತೆ ಮೊಸಳೆ, ಮತ್ತೆ ಖಾಲಿ. ಮತ್ತೆ ಮುಚ್ಚಿದ, ಮತ್ತೆ ಬೊಟ್ಟಿನಿಂದ ಶುರು ಮಾಡಿದ.

ಮಧುಮತಿಯ ನಗು ನಿಂತಿತು.

ಆ ತುಟಿ ಅವಳಿಗೆ ಗೊತ್ತು. ಹದಿಮೂರರ ಮಗ್ಗಿಯನ್ನು ಟೀಚರ್ ನಡುವಿನಿಂದ ಕೇಳಿದರೆ ಅವಳದೂ ಹೀಗೇ ಅಲುಗುತ್ತದೆ. ನಡುವಿನದು ಬರುವುದೇ ಇಲ್ಲ. ಹದಿಮೂರೊಂದ್ಲೆಯಿಂದ ಹೊರಡಬೇಕು. ಕಿವಿಯ ಹಿಂದೆ ಬೆವರು ಇಳಿಯುತ್ತದೆ. ಈಗ ಅಪ್ಪನ ಕಿವಿಯ ಹಿಂದೆಯೂ ಒಂದು ಹನಿ ಇಳಿಯುತ್ತಿತ್ತು.

“ಹ್ರೂಂ. ದ್ಯಾಮಪ್ಪಾ, ಬರ್ತೈತೋ ಇಲ್ಲೋ? ಇಲ್ಲಂದ್ರ ಹೇಳಿಬಿಡು. ಪ್ರೆಸ್ಸಿನವಗ ಟೈಪ್ ಮಾಡಾಕ ಹೇಳ್ತೇನಿ.”

ಮಧುಮತಿ ಬಾಗಿಲ ಹಿಂದಿನಿಂದ ಈಚೆ ಬಂದಳು.

“ಅಪ್ಪಾ, ಮೊನ್ನೆ ನೀ ನನಗ ಹೇಳಿಕೊಟ್ಟಿ ನೋಡು, ಅದನ್ನ ಮಾಡಿ ತೋರಸ್ಲಿ? ತಪ್ಪಿದ್ರ ಹೇಳು.”

ಅಪ್ಪ ಅವಳ ಮುಖ ನೋಡಿದ. ಅವನು ಏನೂ ಹೇಳಿಕೊಟ್ಟಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಕುರ್ಚಿಯಲ್ಲಿ ಅರ್ಧ ಸರಿದ.

“ಹೂಂ... ಮಾಡು. ನಾ ನೋಡ್ತೇನಿ.”

ಅವಳು ಬುತ್ತಿ ಡಬ್ಬಿ ತೆರೆದಳು. ಆಮಂತ್ರಣ ಅದರೊಳಗೇ ಇತ್ತು. ನಡುನಡುವೆ “ಮುಂದ ಇದನ್ನ ಒತ್ತಬೇಕಲ್ಲಪಾ?” ಎಂದು ಕೇಳುತ್ತಿದ್ದಳು. ಅವಳು ಒತ್ತಿದ ಮೇಲೆ ಅಪ್ಪ, “ಹಾಂ, ಅದ, ಅದನ್ನ ಒತ್ತು,” ಎನ್ನುತ್ತಿದ್ದ. ಫ್ಲಾಪಿ ಕರ್ರ್ ಕರ್ರ್ ಎಂದಿತು. ಕೆಲಸ ಮುಗಿಯಿತು.

“ಭೇಷ್! ಮಗಳಿಗೆ ಚಲೋ ಕಲಿಸೀಯಪಾ,” ಎಂದು ಬಸಲಿಂಗಯ್ಯ ಫ್ಲಾಪಿಯನ್ನು ಜೇಬಿಗಿಳಿಸಿದರು. “ಆ ಡಬ್ಬಿನೂ ನಮ್ಮ ಅಳಿಯನ ಆಫೀಸಿನಾಗ ಐತಿ, ಏನ್!”

ಹ್ರೂಂ ಹ್ರೂಂ ಎನ್ನುತ್ತ ಸ್ಕೂಟರ್ ದೂರ ಹೋಯಿತು. ಅಪ್ಪ ಪರದೆಯ ಮೇಲಿನ ಮೊಸಳೆಯನ್ನೇ ನೋಡುತ್ತ ಕೂತಿದ್ದ.

“ಅದು ಹಲ್ಲಿ ಅಲ್ಲಪಾ. ಮೊಸಳಿ,” ಎಂದಳು ಮಧುಮತಿ, ಮೆಲ್ಲಗೆ.

“ಗೊತ್ತೈತಿ. ಹಲ್ಲಿಗೆ ಅಷ್ಟು ಹಲ್ಲು ಎಲ್ಲಿರ್ತಾವ?” ಬುತ್ತಿ ಡಬ್ಬಿಯತ್ತ ಬೆರಳು ಮಾಡಿ ಕೇಳಿದ, “ಡಬ್ಬಿ ನಂದೇನು?”

“ಹೂಂ. ಮುಚ್ಚಳದ ನೆಗ್ಗು ಸುದ್ದಾ ಹಾಕೇನಿ, ನೋಡು.”

ಅಪ್ಪ ಬಗ್ಗಿ ನೋಡಿದ. ನೆಗ್ಗು ಇತ್ತು. ಅವನ ಮೀಸೆಯ ತುದಿ ಒಂದಿಷ್ಟು ಮೇಲೇರಿತು.

“ಎಲ್ಲಾ ಮೊದಲಿನಂಗ ಮಾಡ್ಲಿ?”

ಅಪ್ಪನ ಬೆರಳು ಕುಂಕುಮದ ಬೊಟ್ಟಿನ ತನಕ ಹೋಗಿ, ಹಿಂದಕ್ಕೆ ಬಂತು. ಅವನು ಎದ್ದ. “ಚಾ ಉಳದೈತೇನ?” ಎಂದು ಕೇಳುತ್ತ ಅಡುಗೆಮನೆಗೆ ಹೋದ. ಮೌಸ್ ಕಳಚಲು ಮರೆತಿದ್ದ. ಇಲ್ಲವೇ ಮರೆತವನಂತೆ ನಡೆದಿದ್ದ.

ಮಧುಮತಿ ಮೊಸಳೆಯನ್ನು ಹಿಡಿದು ಕೆಳಗಿನ ಮೂಲೆಗೆ ಎಳೆದಳು. ಡಬ್ಬಿಯನ್ನು ಮೇಲಕ್ಕೆ ತಂದಳು. ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಅಪ್ಪನ ಬೆರಳು ಶುರು ಮಾಡುವ ಕುಂಕುಮದ ಬೊಟ್ಟಿನ ನೇರ ಕೆಳಗೆ ಅದು ಕೂತ ಮೇಲೆಯೇ ಕೈಬಿಟ್ಟಳು.