ತಣ್ಣೀರಿನ ಎರಡೂವರೆ ಸುತ್ತು

ಸಹೃದಯ ವಾಚಕ ಮಹಾಶಯರೇ, ಮನುಷ್ಯನು ನಿರ್ವಸ್ತ್ರನಾಗಿ, ನಿರಾಯುಧನಾಗಿ, ಬಾಗಿಲಿನಾಚೆ ಇರುವವರ ಮೇಲೆ ಪೂರ್ಣ ವಿಶ್ವಾಸವಿರಿಸಿ ದಿನಕ್ಕೊಮ್ಮೆ ಕೈಗೊಳ್ಳುವ ಕ್ರಿಯೆಗೆ ಸ್ನಾನವೆಂದು ಹೆಸರು. ಆ ವಿಶ್ವಾಸ ಮುರಿದುಬಿದ್ದ ಒಂದು ಗುರುವಾರದ ವೃತ್ತಾಂತವನ್ನು, ಊರೂರು ಅಲೆಯುವ ನಾನು ಈ ವಸತಿಗೃಹದಲ್ಲಿ ಕೂತು, ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಶವ ಸ್ನಾನದ ಸ್ಟೂಲಿನ ಪಕ್ಕದಲ್ಲಿ ಬಿದ್ದಿತ್ತು. ಹೆಗಲಿನಿಂದ ಸೊಂಟದವರೆಗೆ ಚರ್ಮ ಸುಲಿದಿತ್ತು. ಆತ ಮನೆಯ ಯಜಮಾನ. ಲಕ್ವ ಹೊಡೆದು ಎಡಭಾಗ ಸೋತು ಮೂರು ವರ್ಷವಾಗಿತ್ತು. ಸುಡುನೀರು ಸುರಿದರೂ ಎದ್ದು ಓಡುವ ಶಕ್ತಿ ಆತನಿಗಿರಲಿಲ್ಲ.

ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತಳು.

ಮನೆಯಲ್ಲಿದ್ದವರು ಇಬ್ಬರೇ. ಒಬ್ಬಳು ಸೊಸೆ, ಅವಳ ಗಂಡ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ. ಇನ್ನೊಬ್ಬ ಯಜಮಾನನ ತಮ್ಮ, ಅರವತ್ತೈದರ ಬ್ರಹ್ಮಚಾರಿ.

"ನೀರು ನಾನೇ ಹದ ಮಾಡಿ ಬಿಟ್ಟಿದ್ದೆ ಮೇಡಂ. ಕೈ ಒಡ್ಡಿ ನೋಡಿದ್ದೆ," ಎಂದಳು ಸೊಸೆ. ಆ ಕೈಯೇ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. "ಹಿತ್ತಲಲ್ಲಿ ಬಟ್ಟೆ ಹರವ್ತಿದ್ದೆ. ಮಾವ ಕಿರುಚಿದ್ದು ಕೇಳಿ ಓಡಿ ಬಂದೆ. ಒಳಗೆಲ್ಲ ಹಬೆ. ನಲ್ಲಿ ಮುಟ್ಟೋಕೇ ಆಗ್ಲಿಲ್ಲ. 'ಚಿಕ್ಕಮಾವ, ಚಿಕ್ಕಮಾವ' ಅಂತ ಬಡ್ಕೊಂಡೆ. ಅಷ್ಟರಲ್ಲಿ ತಣ್ಣೀರು ಭರ್ರಂತ ಮೈಮೇಲೆ ಬಂತು. ಆಮೇಲೇ ನಲ್ಲಿ ನಿಲ್ಲಿಸೋಕಾಗಿದ್ದು."

"ಮುಂಬಾಗಿಲು?"

"ಒಳಗಿಂದ ಚಿಲಕ ಹಾಕಿತ್ತು. ನೀವು ಬಂದಾಗ ತೆಗೆದೆ."

"ನಿಮ್ಮ ಚಿಕ್ಕಮಾವ ಎಲ್ಲಿದ್ರು?"

"ಟೆರೇಸ್ ಮೇಲೆ, ಗಿಡಕ್ಕೆ ನೀರು ಹಾಕ್ತಿದ್ದೆ," ತಮ್ಮನೇ ಉತ್ತರಿಸಿದ. "ಏನೂ ಕೇಳಿಸ್ಲಿಲ್ಲ. ಇದೆಲ್ಲ ಆ ವಾಷರ್ ಮಾಡಿದ ಅನಾಹುತ. ಸೋಮವಾರ ಹೊಸ ಬಿಸಿನೀರಿನ ಸಿಲಿಂಡರ್, ಅದೇ ನೀರು ಕಾಯಿಸೋ ದೊಡ್ಡ ಟ್ಯಾಂಕು, ಕೂರಿಸಿದ. ಅವತ್ತಿಂದ ಶವರ್ ನೆಟ್ಟಗಿಲ್ಲ. ಬಿಸಿನೀರಿಗೆ ಜೋರೇ ಇಲ್ಲ. ಮಂಗಳವಾರ ಮತ್ತೆ ಕರೆಸಿದ್ವಿ. ಏನೋ ತಿರುವಿ ಹೋದ. ನೋಡಿ ಗತಿ!"

ವಾಷರ್ ಎಂದರೆ ಆ ಬಡಾವಣೆಯ ಪ್ಲಂಬರ್. ಹುಟ್ಟಿದ ಹೆಸರನ್ನು ಜನ ಎಂದೋ ಮರೆತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನು ಠಾಣೆಯ ಬೆಂಚಿನ ಮೇಲಿದ್ದ.

\* \* \*

ಮೇಲಧಿಕಾರಿಯ ಆಜ್ಞೆ ಸ್ಪಷ್ಟವಾಗಿತ್ತು: ಪ್ಲಂಬರ್‌ನ ಅಜಾಗರೂಕತೆಯಿಂದ ಸಾವು, ಸಂಜೆಯೊಳಗೆ ಜೈಲು.

"ಏನು ತಿರುವಿದೆ, ವಾಷರಣ್ಣ?" ಇನ್ಸ್‌ಪೆಕ್ಟರ್ ಕೇಳಿದಳು.

"ಹಳೇ ಸಿಲಿಂಡರ್ ಕಳಚಿದಾಗ ಪೈಪಿನ ತುಕ್ಕಿನ ಚಕ್ಕೆ ಬಂದು ಶವರ್ ಜಾಲರಿಗೆ ಕೂತಿತ್ತು. ತೊಳೆದೆ. ಆದ್ರೂ ತಣ್ಣೀರಿನ ಜೋರು ಬಿಸಿನೀರನ್ನ ಹಿಂದಕ್ಕೆ ತಳ್ತಿತ್ತು. ಅದಕ್ಕೆ ಸಿಲಿಂಡರ್ ಬೀರುವಿನಲ್ಲಿರೋ ತಣ್ಣೀರಿನ ವಾಲ್ವ್ ಪೂರ್ತಿ ಮುಚ್ಚಿ, ಎರಡೂವರೆ ಸುತ್ತು ಮಾತ್ರ ಬಿಚ್ಚಿದೆ. ಎರಡೂ ಸಮ ಆಯ್ತು. ಬೀರು ಬಾಗಿಲಿನ ಒಳಗಡೆ ಪೆನ್ಸಿಲಲ್ಲಿ ಬರೆದಿದೀನಿ. ಪ್ರತಿ ಮನೇಲೂ ಬರೀತೀನಿ."

"ಬಿಸಿ ಎಷ್ಟಕ್ಕಿಟ್ಟೆ?"

"ಥರ್ಮೋಸ್ಟಾಟ್ ಅರವತ್ತು ಡಿಗ್ರಿಗೆ. ಬುಧವಾರ ದೊಡ್ಡೋರೇ ಫೋನ್ ಮಾಡಿ, ಸ್ನಾನ ಸುಖವಾಯ್ತು ಅಂದ್ರು ಮೇಡಂ. ಇವತ್ತು ಬೆಳಗ್ಗೆ ಆರರಿಂದ ಆಸ್ಪತ್ರೆ ಕೆಲಸದಲ್ಲಿದ್ದೆ. ನಿಮ್ಮೋರು ಅಲ್ಲಿಂದ್ಲೇ ಎಳ್ಕೊಂಡು ಬಂದ್ರು. ಮೂವತ್ತು ವರ್ಷ ಊರಿಗೆಲ್ಲ ನೀರು ಬಿಟ್ಟೆ. ಈಗ ಕೊಲೆಗಾರ ಅಂತಾರೆ."

ಹೊರಗೆ ಬಂದಾಗ ಕಾನ್‌ಸ್ಟೇಬಲ್ ಪಿಸುಗುಟ್ಟಿದ. "ನನಗೆ ಸೊಸೆ ಮೇಲೆ ಅನುಮಾನ, ಮೇಡಂ. ನೀರು ಬಿಟ್ಟೋಳು ಅವಳೇ."

"ನಿನಗೆ ನಿನ್ನ ನೆರಳಿನ ಮೇಲೂ ಅನುಮಾನ. ಜೀಪ್ ತೆಗಿ."

\* \* \*

ಸಿಲಿಂಡರ್ ಇದ್ದ ಬೀರು ಬಚ್ಚಲಿನ ಪಕ್ಕದ ಓಣಿಯಲ್ಲಿತ್ತು. ಪೆನ್ಸಿಲ್ ಬರಹ ಮಸುಕಾಗಿ ಕಾಣುತ್ತಿತ್ತು: 'ತಣ್ಣೀರು ಎರಡೂವರೆ'.

ಇನ್ಸ್‌ಪೆಕ್ಟರ್ ವಾಲ್ವ್ ಮುಚ್ಚುತ್ತ ಸುತ್ತು ಎಣಿಸಿದಳು. ಎರಡೂವರೆಗೆ ನಿಲ್ಲಲಿಲ್ಲ. ನಾಲ್ಕು. ಆರು. ಏಳಕ್ಕೆ ನಿಂತಿತು. ಅಂದರೆ ವಾಲ್ವ್ ಪೂರ್ತಿ ತೆರೆದಿತ್ತು.

ಅದನ್ನು ಮತ್ತೆ ಏಳು ಸುತ್ತು ತೆರೆದು ಶವರ್ ಬಿಟ್ಟಳು. ತಣ್ಣೀರು ಆರ್ಭಟಿಸಿತು, ಬಿಸಿನೀರು ಅದರೊಳಗೆ ಸೊರಗಿತು. ಮಂಗಳವಾರ ಸರಿಪಡಿಸಿದ್ದ ದೂರು ಗುರುವಾರ ಮರಳಿ ಬಂದಿತ್ತು.

ಥರ್ಮೋಸ್ಟಾಟಿನ ಮುಳ್ಳು ಅರವತ್ತರ ಮೇಲಿತ್ತು. ಬಿಸಿನೀರನ್ನಷ್ಟೇ ಬಿಟ್ಟು ಥರ್ಮಾಮೀಟರ್ ಹಿಡಿದಳು.

ಎಪ್ಪತ್ತೊಂಬತ್ತು.

\* \* \*

ಸಂಜೆ ಐದಕ್ಕೆ ಎಲ್ಲರೂ ನಡುಮನೆಯಲ್ಲಿದ್ದರು. ವಾಷರ್ ಬಾಗಿಲಿಗಂಟಿ ನಿಂತಿದ್ದ.

"ಮುಳ್ಳನ್ನ ಕ್ಷಣದಲ್ಲಿ ಹಿಂದೆ ತಿರುಗಿಸಬಹುದು," ಎಂದಳು ಇನ್ಸ್‌ಪೆಕ್ಟರ್. "ಆದ್ರೆ ತುಂಬಿದ ಸಿಲಿಂಡರ್ ಅಷ್ಟು ಬೇಗ ಆರಲ್ಲ. ನಿನ್ನೆ ಯಾರೋ ಮುಳ್ಳನ್ನ ಏರಿಸಿ, ಇವತ್ತು ಸಾವಾದ ಮೇಲೆ ಇಳಿಸಿದಾರೆ. ಆಗ ವಾಷರ್ ಆಸ್ಪತ್ರೆಯಲ್ಲಿದ್ದ."

"ಸೊಸೇನ ಕೇಳಿ," ಎಂದ ತಮ್ಮ.

"ಕೇಳಿದೆ. ಹದವಾಗಿದ್ದ ನೀರು ನಡುವೆ ಸುಡಬೇಕಾದ್ರೆ ಬೀರುವಿನಲ್ಲಿ ತಣ್ಣೀರು ಮುಚ್ಚಬೇಕು. ಆಮೇಲೆ ಅವಳ ಮೈಮೇಲೆ ತಣ್ಣೀರು ಭರ್ರಂತ ಬಂತು. ಅಂದ್ರೆ ಆ ಗಳಿಗೇಲಿ ಯಾರೋ ವಾಲ್ವ್ ತೆರೆದ್ರು. ಅವಳು ಶವರ್ ಕೆಳಗಿದ್ಲು ಅನ್ನೋಕೆ ಕೈಯ ಬೊಬ್ಬೆಯೇ ಸಾಕ್ಷಿ. ಅವಳು ಶವರ್ ಕೆಳಗೂ ಬೀರುವಿನ ಮುಂದೂ ಒಟ್ಟಿಗೆ ನಿಲ್ಲೋಕಾಗಲ್ಲ. ಮುಂಬಾಗಿಲಿಗೆ ಚಿಲಕ. ಹಿತ್ತಲಿಂದ ಬಂದೋಳು ಅವಳೇ. ಉಳಿದೋರು ಯಾರು?"

ಅವಳು ತಮ್ಮನತ್ತ ತಿರುಗಿದಳು.

"ಅವಳು ನಿಮ್ಮನ್ನ ಕೂಗಿದಾಗ ಗಾಬರಿಬಿದ್ದು ವಾಲ್ವ್ ಮೊದಲಿನ ಹಾಗೆ ಮಾಡೋಕೆ ಹೋದ್ರಿ. ಮೊದಲಿನ ಹಾಗೆ ಅಂದ್ರೆ ಪೂರ್ತಿ ತೆರೆಯೋದು ಅಂದ್ಕೊಂಡ್ರಿ. ವಾಷರ್ ಬರೆದಿದ್ದನ್ನ ಓದಲಿಲ್ಲ."

"ಕನ್ನಡಕ ಇರಲಿಲ್ಲ," ಎಂದ ಆತ.

ಎಂದ ಮೇಲೆ ತಾನೇನು ಅಂದೆನೆಂಬುದು ಅವನ ಕಿವಿಗೆ ಬಿದ್ದಿರಬೇಕು. ನೆಲದ ಮೇಲೆ ಕೂತ.

"ನಲವತ್ತು ವರ್ಷ. ದಿನಾ ಅವನದೇ ಮೊದಲ ಸ್ನಾನ. ಅವನು ಮುಗಿಸೋ ಹೊತ್ತಿಗೆ ಬಿಸಿನೀರು ಖಾಲಿ. ಚಳೀಲೂ ಜ್ವರದಲ್ಲೂ ನನಗೆ ತಣ್ಣೀರು. ಒಂದು ದಿನ, ಒಂದೇ ಒಂದು ದಿನ, 'ನೀನು ಮೊದಲು ಹೋಗೋ' ಅನ್ನಲಿಲ್ಲ. ಹೊಸ ಸಿಲಿಂಡರ್ ಬಂತು. ಮೊದಲು ಯಾರು ಹೋದ್ರು? ಅವನೇ."

ವಾಷರ್ ತಲೆ ತಗ್ಗಿಸಿದ. ಹೇಳಲೋ ಬೇಡವೋ ಎಂದು ತಡವರಿಸಿ, ಹೇಳಿದ.

"ಹಳೇದು ಕೆಟ್ಟಿರಲಿಲ್ಲ, ಸ್ವಾಮಿ. ಸಣ್ಣದು ಸಾಕು ಅಂದಿದ್ದೆ ನಾನು. ದೊಡ್ಡೋರೇ ಹಟ ಹಿಡಿದು ಎರಡರಷ್ಟು ದೊಡ್ಡದು ಹಾಕಿಸಿದ್ರು. 'ನನ್ನ ತಮ್ಮ ದಿನಾ ತಣ್ಣೀರಲ್ಲಿ ಮೀಯ್ತಾನೆ ಕಣಯ್ಯ, ಬಾಯಿಬಿಟ್ಟು ಹೇಳಲ್ಲ' ಅಂದ್ರು."

ತಮ್ಮನನ್ನು ಇಬ್ಬರು ಹಿಡಿದೆತ್ತಬೇಕಾಯಿತು.

ತಮ್ಮನನ್ನು ಹೊತ್ತ ಜೀಪ್ ಹೋದ ಮೇಲೆ ವಾಷರ್ ಬೀರುವಿನ ಬಳಿ ನಿಂತ. ಇನ್ಸ್‌ಪೆಕ್ಟರ್ ಆಗಲಿ ಎಂದು ತಲೆಯಾಡಿಸಿದಳು. ಅವನು ವಾಲ್ವ್ ಪೂರ್ತಿ ಮುಚ್ಚಿ, ಎರಡೂವರೆ ಸುತ್ತು ಬಿಚ್ಚಿ, ಬಾಗಿಲು ಹಾಕಿ, ಮನೆಗೆ ನಡೆದ.

ವಾಚಕ ಮಹಾಶಯರೇ, ಇಲ್ಲಿ ಹೇಳುವುದಿನ್ನೇನೂ ಉಳಿದಿಲ್ಲ. ಹಾಳೆಗಳನ್ನು ಮಡಿಚಿದ್ದಾಗಿದೆ, ಒಗೆದ ಅಂಗಿ ಅರೆಒದ್ದೆಯಾಗಿಯೇ ಚೀಲ ಸೇರಿದೆ. ಈ ವಸತಿಗೃಹದ ಬಚ್ಚಲಲ್ಲಿ ಬಿಸಿನೀರು ಧಾರಾಳವಾಗಿದೆಯಂತೆ. ಮೀಯುವ ಮನಸ್ಸಿಲ್ಲ. ಮುಂದಿನ ಊರಿನ ಬಸ್ಸು ಹೊರಡುತ್ತಿದೆ, ಹತ್ತಿಕೊಳ್ಳುತ್ತೇನೆ.